ಪ್ರತಿಭಾ ಪುರಸ್ಕಾರದ ಅರ್ಜಿ ನಮೂನೆ ಬದಲಿಸುವಾಗ ಕಂಡದ್ದು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಸೇವಾ ಸಹಕಾರಿ ಸಂಘಗಳಲ್ಲಿ ಒಂದೇ ಬಗೆಯ ಪ್ರಕಟಣೆ ಬೀಳುತ್ತದೆ. ಸದಸ್ಯರ ಮಕ್ಕಳಲ್ಲಿ ಇಂತಿಷ್ಟು ಶೇಕಡಾಕ್ಕಿಂತ ಹೆಚ್ಚು ಅಂಕ ಪಡೆದವರು ಅಂಕಪಟ್ಟಿಯ ಝೆರಾಕ್ಸ್, ಭಾವಚಿತ್ರ ಕೊಟ್ಟು ಅರ್ಜಿ ಹಾಕಬೇಕು, ಸರ್ವಸಾಧಾರಣ ಸಭೆಯಲ್ಲಿ ಪುರಸ್ಕಾರ. ಪತ್ತಿನ ಸಂಘ, ಜಾತಿ ಸಂಘ, ಯುವಕ ಮಂಡಳ, ದೇವಸ್ಥಾನದ ಸಮಿತಿ ಎಲ್ಲದರ ನಿಯಮವೂ ಹೆಚ್ಚುಕಡಿಮೆ ಇದೇ. ಹಾಗಾಗಿ ಒಂದೇ ಮಗುವಿಗೆ ಐದಾರು ಕಡೆ ಶಾಲು, ಫಲಕ ಸಿಗುತ್ತದೆ, ಊರಿನ ಉಳಿದ ಮಕ್ಕಳು ಐದಾರು ಕಡೆ ಚಪ್ಪಾಳೆ ತಟ್ಟುತ್ತಾರೆ.

ಇಂಥದೊಂದು ಸಂಘದ ಪುರಸ್ಕಾರ ಸಮಿತಿಯಲ್ಲಿ ಕೆಲಸ ಮಾಡುವ ನಾವು ಈ ನಿಯಮವನ್ನು ಬದಲಿಸಿ, ಅಂಕದ ಜತೆಗೆ ಕೆಲಸಗಾರಿಕೆಗೂ, ಅಂದರೆ ಕೈಕೆಲಸದ ನಿಪುಣತೆಗೂ, ಪುರಸ್ಕಾರ ಇಟ್ಟೆವು. ಬದಲಿಸುವುದು ಹೇಗೆ, ಎಲ್ಲಿ ತೊಡಕಾಗುತ್ತದೆ, ಯಾಕೆ ಆಗುತ್ತದೆ ಎಂಬುದನ್ನು ಬೇರೆ ಊರಿನವರಿಗೂ ಉಪಯೋಗವಾಗಲೆಂದು ಬರೆದಿಡುತ್ತಿದ್ದೇವೆ. ಅಂಕ ತೆಗೆದ ಮಕ್ಕಳ ಮೇಲೆ ನಮಗೆ ಯಾವ ಅಸಮಾಧಾನವೂ ಇಲ್ಲ. ಆದರೆ ಅಂಕವೊಂದನ್ನೇ ಯೋಗ್ಯತೆ ಎಂದು ಊರೇ ನಿಂತು ಸಾರಿದಾಗ ಯಾರಿಗೆ ಏನಾಗುತ್ತದೆ ಎಂಬುದನ್ನು ಅರ್ಜಿ ವಿಂಗಡಿಸುವವರಷ್ಟು ಹತ್ತಿರದಿಂದ ಬೇರೆಯವರು ನೋಡಿರಲಾರರು.

ಮೊದಲು ಅಂಕದೊಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಈ 625ರಲ್ಲಿ ಬರೆದು ಗಳಿಸುವುದು 500 ಮಾತ್ರ. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20ರಂತೆ ಒಟ್ಟು 125 ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ. ಕೆಲವು ಶಾಲೆಗಳು ಎಲ್ಲರಿಗೂ ಧಾರಾಳವಾಗಿ ಹಾಕುತ್ತವೆ, ಕೆಲವು ಶಾಲೆಗಳಲ್ಲಿ ಕಟ್ಟುನಿಟ್ಟಿನ ಮೇಷ್ಟ್ರು ನಿಜವಾಗಿ ಅಳೆದು ಹಾಕುತ್ತಾರೆ. ಸಮಿತಿಯ ಮೇಜಿಗೆ ಬರುವಾಗ ಎರಡೂ ಒಂದೇ ಮೊತ್ತದಲ್ಲಿ ಬೆರೆತುಹೋಗಿರುತ್ತವೆ. 562 ಬಂದವಳಿಗೆ ಶೇ 89.92, 563 ಬಂದವನಿಗೆ ಶೇ 90.08. ಗೆರೆ ಶೇ 90 ಎಂದು ಹಾಕಿದರೆ ಒಬ್ಬರು ವೇದಿಕೆಗೆ, ಇನ್ನೊಬ್ಬರು ಮನೆಗೆ. ಆ ಒಂದು ಅಂಕ ಯಾವ ಮೇಷ್ಟ್ರ ಯಾವ ದಿನದ ಮನಸ್ಸಿನಿಂದ ಬಂದದ್ದೋ ಯಾರೂ ಹೇಳಲಾರರು.

ಪ್ರಥಮ ಭಾಷೆಯ ಸಂಗತಿ ಇನ್ನೂ ಗಂಭೀರ. 125 ಅಂಕದ ವಿಷಯ ಇದೊಂದೇ. ಪೇಟೆಯ ಅನೇಕ ಪ್ರೌಢಶಾಲೆಗಳಲ್ಲಿ ಇದಕ್ಕೆ ಸಂಸ್ಕೃತ ತೆಗೆದುಕೊಳ್ಳುತ್ತಾರೆ. 125ಕ್ಕೆ 125 ಬರುವುದು ಅಲ್ಲಿ ಅಪರೂಪವಲ್ಲ. ಸಂಸ್ಕೃತದ ಶಿಕ್ಷಕರೇ ಇಲ್ಲದ ಹಳ್ಳಿಯ ಸರ್ಕಾರಿ ಶಾಲೆಯ ಮಗು ಕನ್ನಡದಲ್ಲಿ ಪ್ರಬಂಧ, ಪದ್ಯದ ಸಾರಾಂಶ ಬರೆದು 112 ತೆಗೆದರೆ ಅದು ಒಳ್ಳೆಯ ಓದೇ, ಆದರೆ ಪಟ್ಟಿಯಲ್ಲಿ ಹದಿಮೂರು ಅಂಕ ಹಿಂದೆ. ಕಾರವಾರದ ಕಡೆ ಮನೆಯಲ್ಲಿ ಕೊಂಕಣಿ ಆಡುವ ಮಗು, ಯಲ್ಲಾಪುರ–ಮುಂಡಗೋಡಿನ ಗೌಳಿವಾಡೆಯಲ್ಲಿ ಮರಾಠಿ ಆಡುವ ಮಗು ಕನ್ನಡ ಪ್ರಥಮ ಭಾಷೆಗೆ ಬರುವಾಗ ಇನ್ನೊಂದು ಹತ್ತು ಮೆಟ್ಟಿಲು ಕೆಳಗಿನಿಂದ ಹತ್ತಿರುತ್ತದೆ.

ಫಲಿತಾಂಶದ ನಂತರವೂ ಅಂಕ ಬೆಳೆಯುತ್ತದೆ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಒಂದು ಶುಲ್ಕ, ಮರು ಮೌಲ್ಯಮಾಪನಕ್ಕೆ ಇನ್ನೊಂದು, ಅದೂ ವಿಷಯವಾರು. ಕಟ್ಟುವ ಶಕ್ತಿಯಿದ್ದು, ಪ್ರತಿಯನ್ನು ಓದಿ ‘ಇಲ್ಲಿ ಎರಡು ಅಂಕ ಬಿಟ್ಟಿದ್ದಾರೆ’ ಎಂದು ಗುರುತಿಸುವ ತಂದೆ ತಾಯಿ ಮನೆಯಲ್ಲಿದ್ದರೆ ಮೂರೋ ನಾಲ್ಕೋ ಅಂಕ ಏರುತ್ತದೆ. ಅಷ್ಟೇ ತಪ್ಪು ಇನ್ನೊಂದು ಮಗುವಿನ ಪತ್ರಿಕೆಯಲ್ಲೂ ಆಗಿರಬಹುದು, ಅದನ್ನು ತೆರೆದು ನೋಡಿದವರಿರುವುದಿಲ್ಲ. ಮೇಲಾಗಿ 2023–24ನೇ ಸಾಲಿನಿಂದ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಅವುಗಳಲ್ಲಿ ಉತ್ತಮವಾದದ್ದು ಉಳಿಯುತ್ತದೆ. ಇದು ಒಳ್ಳೆಯ ಬದಲಾವಣೆ. ಆದರೆ ಹೆಚ್ಚಿನ ಸಂಘಗಳ ಅರ್ಜಿಯ ಕೊನೆಯ ದಿನ ಪರೀಕ್ಷೆ 1ರ ಫಲಿತಾಂಶಕ್ಕೆ ಹೊಂದಿಕೊಂಡಿರುತ್ತದೆ. ನಂತರದ ಪರೀಕ್ಷೆಯಲ್ಲಿ ಮೇಲೆ ಬಂದವರ ಅಂಕಪಟ್ಟಿ ಕೈಗೆ ಸಿಗುವಾಗ ಫಲಕಕ್ಕೆ ಹೆಸರು ಕೆತ್ತಿಸಲು ಕೊಟ್ಟಾಗಿರುತ್ತದೆ.

2024ರ ಎಸ್ಸೆಸ್ಸೆಲ್ಸಿ ಎಲ್ಲರಿಗೂ ಕಣ್ಣು ತೆರೆಸಬೇಕಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ಅದು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಉತ್ತೀರ್ಣ ಪ್ರಮಾಣ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿಯಲಿಲ್ಲ, ಅಳೆಯುವ ಕೋಲು ಬದಲಾಯಿತು. ಅದೇ ವರ್ಷ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಕೈಬಿಟ್ಟು ರ‍್ಯಾಂಕ್ ಕಟ್ಟಿದರು. ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಎಂದು ಪ್ರಕಟವಾಯಿತು, ಕೃಪಾಂಕ ಹಿಂತೆಗೆದು, ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ತಿದ್ದಿದ ಮೇಲೆ ಆ ಸಂಖ್ಯೆ 17ಕ್ಕೆ ಬಂತು. ಹೀಗೆ ಅಲುಗಾಡುವ ಅಳತೆಯ ಮೇಲೆ ‘ಊರಿನ ಹೆಮ್ಮೆ’ ಎಂಬ ಫ್ಲೆಕ್ಸ್ ನಿಲ್ಲಿಸುತ್ತೇವೆ.

ಇದೆಲ್ಲ ತಿಳಿದ ಮೇಲೆ ನಾವು ಮಾಡಿದ ಕೆಲಸ, ಹಳೆಯ ಪುರಸ್ಕಾರಗಳ ಪಟ್ಟಿಯನ್ನು ವಿಳಾಸದೊಂದಿಗೆ ಸಂಘದ ವ್ಯಾಪ್ತಿಯ ನಕ್ಷೆಯ ಮೇಲೆ ಗುರುತಿಸಿದ್ದು. ಯಾವ ಸಂಘವೂ ಮಾಡಬಹುದಾದ ಕೆಲಸ. ಸದಸ್ಯರ ಪಟ್ಟಿ, ಊರಿನ ಹೆಸರು, ಒಂದು ಬಣ್ಣದ ಪೆನ್ಸಿಲ್ ಸಾಕು. ಗುರುತುಗಳು ಡಾಂಬರು ರಸ್ತೆಯ ಅಕ್ಕಪಕ್ಕವೇ ಬೀಳುತ್ತವೆ. ಬೆಳಿಗ್ಗೆ ಮೊದಲು ಹೊರಡುವ ವಸತಿ ಬಸ್ಸು ನಿಲ್ಲುವಲ್ಲಿಂದ ಒಳಗೆ ನಡೆಯಬೇಕಾದ ಮಜರೆಗಳು ಖಾಲಿ. ಸಂಜೆ ವಿಶೇಷ ತರಗತಿ ಮುಗಿಯುವ ಮೊದಲೇ ಕೊನೆಯ ಬಸ್ಸು ಹೊರಡುವ ಕಡೆಯ ಮಕ್ಕಳು ತರಗತಿ ಬಿಟ್ಟು ಓಡಬೇಕು. ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನೀರು ಬಂದರೆ ಹಾಜರಿ ತಪ್ಪುತ್ತದೆ, ಹಾಜರಿ ತಪ್ಪಿದರೆ ಪಾಠವೂ ಆಂತರಿಕ ಅಂಕದ ಚಟುವಟಿಕೆಯೂ ತಪ್ಪುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ, ಅಂದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ, ಹತ್ತನೆಯ ತರಗತಿಯ ಪುನರಾವರ್ತನೆ ನಡೆಯುವ ಕಾಲದಲ್ಲೇ, ಕೂಲಿ ಮನೆಯ ಮಕ್ಕಳು ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ಯಾರ ಅಡಿಕೆ? ವೇದಿಕೆ ಹತ್ತುವ ಮಗುವಿನ ಮನೆಯದೂ ಇರಬಹುದು. ಇದನ್ನು ಹೇಳಲು ನಮಗೆ ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು.

ಸರ್ಕಾರಕ್ಕೆ ಇದು ಗೊತ್ತಿದೆ. ಸಿಇಟಿ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆಯನ್ನೇ ಇಟ್ಟಿದ್ದಾರೆ: ಬೀಜ, ಗೊಬ್ಬರ, ಕಳೆ, ಉಪಕರಣ ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ರಾಜ್ಯಮಟ್ಟದ ವ್ಯವಸ್ಥೆ ಒಪ್ಪಿಕೊಂಡದ್ದನ್ನು ಊರಿನ ಸಂಘ ಒಪ್ಪಿಕೊಳ್ಳದೆ ಬರೀ ಮೊತ್ತ ನೋಡಿ ಶಾಲು ಹೊದೆಸುತ್ತದೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್ 1958ರಲ್ಲೇ ಯೋಗ್ಯತೆಯನ್ನು ಪರೀಕ್ಷೆಯಿಂದ ಅಳೆಯುವ ಸಮಾಜದ ಅಪಾಯ ಏನೆಂದು ಬರೆದಿದ್ದರು. ಹುಟ್ಟಿನಿಂದ ಬಡವನಾದವನು ಕನಿಷ್ಠ ‘ನನ್ನ ತಪ್ಪಲ್ಲ’ ಎಂದುಕೊಳ್ಳಬಹುದು. ಯೋಗ್ಯತೆಯ ಪರೀಕ್ಷೆಯಲ್ಲಿ ಕೆಳಗೆ ಬಿದ್ದವನಿಗೆ ಆ ಸಮಾಧಾನವೂ ಇರುವುದಿಲ್ಲ, ಮೇಲೆ ಹೋದವನಿಗೆ ಯಾರ ಋಣವೂ ನೆನಪಿರುವುದಿಲ್ಲ. ನಮ್ಮ ಕಡೆ ಈ ಮಾತು ಅಕ್ಷರಶಃ ಕಾಣುತ್ತದೆ. ‘ನಂಗೆ ತಲೆ ಇಲ್ಲ’ ಎಂದು ಹದಿನಾರರ ಹುಡುಗ ಸಹಜವಾಗಿ ಹೇಳುತ್ತಾನೆ. ಅದೇ ಹುಡುಗ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಾನೆ.

ಗೆದ್ದವರ ಕಡೆಗೂ ನೋಡಬೇಕು. ಪುರಸ್ಕಾರ ಪಡೆದವರಲ್ಲಿ ಓದು ಮುಗಿಸಿ ಈ ತಾಲೂಕಿನಲ್ಲೇ ನೆಲೆಸುವವರು ಬಹಳ ಕಡಿಮೆ. ಹೋಗುವುದು ತಪ್ಪೇನಲ್ಲ. ಆದರೆ ಊರೇ ಎದ್ದು ನಿಂತು ಗೌರವಿಸುವುದು ಊರು ಬಿಡುವ ಅರ್ಹತೆಯನ್ನು ಎಂದಾದರೆ, ಉಳಿದವನ ಬಗ್ಗೆ ಊರು ಏನು ಹೇಳಿದಂತಾಯಿತು? ಮೂರೆಕರೆ ತೋಟ, ಎರಡು ಎಮ್ಮೆ ಸಂಭಾಳಿಸುವ, ಕಾಳುಮೆಣಸು, ಏಲಕ್ಕಿ, ಜೇನು ಎಂದು ದುಡಿಯುವ ಮೂವತ್ತೈದರ ಯುವಕನಿಗೆ ಹೆಣ್ಣು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಅವನ ಅರ್ಧದಷ್ಟು ಉಳಿತಾಯ ಮಾಡುವವನಿಗೆ ಸಿಗುತ್ತದೆ. ಹೆಣ್ಣುಮಕ್ಕಳನ್ನು ದೂರುವುದಕ್ಕೆ ಅರ್ಥವಿಲ್ಲ. ಒಂದನೇ ತರಗತಿಯಿಂದ ಅವರಿಗೂ ಅವನಿಗೂ ನಾವು ಕಲಿಸಿದ್ದು ಅದನ್ನೇ: ಓದಿದರೆ ಹೋಗುತ್ತೀಯ, ಓದದಿದ್ದರೆ ಇಲ್ಲೇ ಸಗಣಿ ಬಾಚಬೇಕು.

ಅಡಿಕೆಯನ್ನಾದರೆ ನಾವು ಇನ್ನೂ ಬುದ್ಧಿವಂತಿಕೆಯಿಂದ ವಿಂಗಡಿಸುತ್ತೇವೆ. ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಾಲಿ ಎಂಬ ಅಡಿಕೆಯ ಬಗೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಗುಡ್ಡೆ ಹಾಕಿ ಬೇರೆ ಟೆಂಡರ್ ನಡೆಯುತ್ತದೆ. ಚಾಲಿಯನ್ನು ರಾಶಿಯಾಗಲು ಸೋತ ಅಡಿಕೆ ಎಂದು ಯಾವ ವ್ಯಾಪಾರಿಯೂ ಹೇಳುವುದಿಲ್ಲ.

ಇನ್ನು ಬದಲಾವಣೆಯ ಕೆಲಸ. ಇಂಥ ಸೂಚನೆಯನ್ನು ನೇರವಾಗಿ ಸರ್ವಸಾಧಾರಣ ಸಭೆಗೆ ಒಯ್ಯಬಾರದು. ಆ ಸಭೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ, ಲಾಭಾಂಶದ ಮಾತಿಗೇ ಅಲ್ಲಿ ಸಮಯ ಸಾಲದು. ಏಪ್ರಿಲ್ ಒಳಗೆ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಗಬೇಕು. ಅಲ್ಲಿ ಬರುವ ಮೊದಲ ಆಕ್ಷೇಪ ಗೊತ್ತಿರುವುದೇ: ‘ಹಾಗಾದ್ರೆ ಕಷ್ಟಪಟ್ಟು ಓದಿದ ಮಕ್ಕಳದ್ದು ತಪ್ಪಾ?’ ಇದಕ್ಕೆ ಉತ್ತರ ಸಿದ್ಧವಿರಬೇಕು. ಅಂಕದ ಪುರಸ್ಕಾರವನ್ನು ತೆಗೆಯುವುದಿಲ್ಲ, ಅದೊಂದೇ ಇರುವುದನ್ನು ತೆಗೆಯುತ್ತೇವೆ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ‘ಅಂಕಕ್ಕೆ ಅಂಕಪಟ್ಟಿ ಇದೆ. ನೀವು ಹೇಳುವ ಕೆಲಸಗಾರಿಕೆಗೆ ಪುರಾವೆ ಏನು? ನಾಳೆ ನಿರ್ದೇಶಕರ ಅಣ್ಣನ ಮಗನಿಗೇ ಎಲ್ಲ ಹೋಗುತ್ತದೆ.’ ಈ ಭಯ ನಿಜ. ಅಂಕವನ್ನು ಜನ ನಂಬುವುದು ಅದು ನ್ಯಾಯವಾದದ್ದೆಂದು ಅಲ್ಲ, ಅದನ್ನು ಹಾಕಿದವರು ಊರಿನವರಲ್ಲ ಎಂಬ ಕಾರಣಕ್ಕೆ. ಊರೊಳಗಿನ ಮುಲಾಜನ್ನು ತಡೆಯುವ ನಿಯಮ ಕಟ್ಟದೆ ಅಂಕವನ್ನು ಬದಿಗೆ ಸರಿಸಿದರೆ ಇದ್ದದ್ದೂ ಕೆಡುತ್ತದೆ.

ಹಾಗಾಗಿ ಅಂಕದ ಭಾಗವನ್ನೇ ಮೊದಲು ಸರಿಪಡಿಸಿದೆವು. ಶೇಕಡಾ ಗೆರೆಯನ್ನು ಕಿತ್ತೆವು. ಬದಲಿಗೆ ಪ್ರತಿ ಶಾಲೆಯಲ್ಲಿ ಓದಿದ ಸದಸ್ಯರ ಮಕ್ಕಳಲ್ಲಿ ಮೊದಲಿಗರು ಎಂಬ ನಿಯಮ ಬಂತು. ಒಂದೇ ಮೇಷ್ಟ್ರು, ಒಂದೇ ಬಸ್ಸು, ಒಂದೇ ಆಂತರಿಕ ಅಂಕದ ಪದ್ಧತಿ ಇರುವವರ ನಡುವೆ ಹೋಲಿಕೆ ಮಾಡಿದರೆ ಅಷ್ಟಾದರೂ ಅರ್ಥವಿದೆ. 500 ಅಂಕದ ಸಿಬಿಎಸ್‌ಇಯನ್ನು 625ರ ರಾಜ್ಯ ಪಠ್ಯಕ್ರಮದೊಂದಿಗೆ ಶೇಕಡಾಕ್ಕೆ ಇಳಿಸಿ ತೂಗುವ ಜಗಳವೂ ಇದರಿಂದ ತಪ್ಪಿತು. ಮೊತ್ತ ಎಣಿಸುವಾಗ ಪ್ರಥಮ ಭಾಷೆಯನ್ನೂ 100ಕ್ಕೆ ಇಳಿಸಿಕೊಳ್ಳುತ್ತೇವೆ. ಅರ್ಜಿಯ ಕೊನೆಯ ದಿನವನ್ನು ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶದ ನಂತರಕ್ಕೆ ಇಟ್ಟೆವು. ಹೊರಜಿಲ್ಲೆಯ ವಸತಿ ಕಾಲೇಜುಗಳಲ್ಲಿ ಪಿಯುಸಿ ಓದುವವರನ್ನು ಬೇರೆಯಾಗಿ ಪರಿಗಣಿಸುತ್ತೇವೆ. ಮಂಗಳೂರು, ಮೂಡುಬಿದಿರೆ, ಧಾರವಾಡದಲ್ಲಿ ಎರಡು ವರ್ಷ ನೀಟ್ ತರಬೇತಿಯೊಂದಿಗೆ ಓದಿದವರನ್ನು ಊರಿನ ಸರ್ಕಾರಿ ಕಾಲೇಜಿನವರ ಜತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನಾವು ಅಳೆಯುವುದು ಪಾಲಕರ ಖರ್ಚನ್ನು.

ಎರಡನೆಯ ಭಾಗ ಕೆಲಸಗಾರಿಕೆಯದು. 16ರಿಂದ 30 ವಯಸ್ಸಿನ ಯಾರೇ ಆಗಲಿ, ಸದಸ್ಯರ ಮನೆಯವರೋ ಸದಸ್ಯರ ತೋಟದಲ್ಲಿ ದುಡಿಯುವವರೋ ಅರ್ಜಿ ಹಾಕಬಹುದು. ಕೂಲಿ ಮಾಡುವವರಲ್ಲಿ ಎಷ್ಟೋ ಮಂದಿ ಸಂಘದ ಶೇರುದಾರರೇ ಅಲ್ಲ, ‘ಸದಸ್ಯರ ಮಕ್ಕಳಿಗೆ ಮಾತ್ರ’ ಎಂಬ ಒಂದು ಸಾಲು ಅವರನ್ನು ಮೊದಲೇ ಹೊರಗಿಡುತ್ತಿತ್ತು. ಮರ ಹತ್ತುವ ಕೆಲಸಕ್ಕೆ ಮಾತ್ರ ಕೆಳಗಿನ ವಯಸ್ಸು 18. ಅದಕ್ಕಿಂತ ಚಿಕ್ಕವರನ್ನು ಮರ ಹತ್ತಿಸಿ ಶಾಲು ಹೊದೆಸಿದರೆ ಸಂಘವೇ ಅಪಾಯಕ್ಕೆ ಪ್ರೋತ್ಸಾಹ ಕೊಟ್ಟಂತೆ.

ಕೆಲಸಗಾರಿಕೆಯನ್ನು ನೋಡುವುದು ಹೇಗೆ ಎಂಬುದರಲ್ಲೇ ಹೆಚ್ಚಿನ ಕಲಿಕೆ ಆಯಿತು. ಒಂದು ಉದಾಹರಣೆ ವಿವರವಾಗಿ ಹೇಳಬೇಕು, ಏಕೆಂದರೆ ‘ಕೈಕೆಲಸಕ್ಕೆ ತಲೆ ಬೇಡ’ ಎಂಬ ನಂಬಿಕೆ ಇಲ್ಲಿ ಒಡೆಯುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೊನೆಗೌಡನನ್ನು, ಅಂದರೆ ಅಡಿಕೆ ಮರ ಹತ್ತುವ ಕೆಲಸಗಾರನನ್ನು, ತೆಗೆದುಕೊಳ್ಳಿ. ಶೇ 1ರ ದ್ರಾವಣಕ್ಕೆ ಅಳತೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಬಳಸುವಂತಿಲ್ಲ. ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯುತ್ತ ಕಲಕಬೇಕು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ತುತ್ತ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಬೇಕು. ಹಾಗೆಯೇ ಹೊಡೆದರೆ ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆ ಕಾಯಿ ಸುಟ್ಟುಹೋಗುತ್ತದೆ. ಮಾಡಿದ ದ್ರಾವಣ ಅಂದೇ ಮುಗಿಯಬೇಕು, ಮರುದಿನಕ್ಕೆ ಅದರ ಗುಣ ಇರುವುದಿಲ್ಲ. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನಕ್ಕೆ ಇನ್ನೊಂದು ಸಲ, ನಡುವೆ ಹೊಳವಾದ ದಿನ ನೋಡಿಕೊಂಡು. ಎರಡನೆಯ ಸಲ ಮರ ಹಾವಸೆ ಹಿಡಿದು ಜಾರುತ್ತಿರುತ್ತದೆ. ಅಷ್ಟೆತ್ತರದಲ್ಲಿ ಕಾಲಿಗೆ ತಳೆ ಹಾಕಿಕೊಂಡು, ಒಂದು ಕೈಯಲ್ಲಿ ಸಿಂಪಡಿಸುವ ಗನ್ ಹಿಡಿದು, ಅಡಿಕೆ ಗೊನೆಯ ಎಲ್ಲ ಮಗ್ಗುಲಿಗೂ ತಾಗುವಂತೆ ಹೊಡೆದು, ಇಳಿಯದೆ ಪಕ್ಕದ ಮರಕ್ಕೆ ಸರಿಯುತ್ತಾನೆ. ರಸಾಯನಶಾಸ್ತ್ರ, ಹವಾಮಾನ, ಗಿಡದ ಗುಣ, ದೇಹದ ತೂಕದ ಲೆಕ್ಕ ಎಲ್ಲವೂ ಇಲ್ಲಿ ಸೇರಿವೆ.

ಇವನ ಕೆಲಸವನ್ನು ಯಾರು ಅಳೆಯಬೇಕು? ತೋಟದ ಯಜಮಾನರನ್ನು ಕೇಳಿದರೆ ಅವರು ಹೇಳುವುದು ಬೇರೆಯೇ ಗುಣ: ಕರೆದ ದಿನ ಬರುತ್ತಾನೆ, ಹೆಚ್ಚು ಮಾತಾಡುವುದಿಲ್ಲ, ಕೂಲಿಗೆ ಚೌಕಾಸಿ ಮಾಡುವುದಿಲ್ಲ. ವಿಧೇಯತೆಗೆ ಬಹುಮಾನ ಕೊಟ್ಟಂತಾಗುತ್ತದೆ. ಆದ್ದರಿಂದ ತೀರ್ಪು ಅದೇ ಕೆಲಸ ಮಾಡುವ ಇಬ್ಬರು ಹಿರಿಯರದು. ಅವರು ಒಂದು ದಿನ ಜತೆಗಿದ್ದು ನೋಡುತ್ತಾರೆ, ಆ ದಿನದ ಕೂಲಿಯನ್ನು ಸಂಘ ಅವರಿಗೆ ಕೊಡುತ್ತದೆ. ಬಿಟ್ಟಿಯಾಗಿ ಕರೆದರೆ ಯಾರೂ ಬರಲಾರರು, ಬರುವುದೂ ನ್ಯಾಯವಲ್ಲ. ಅರ್ಜಿದಾರನಿಗೆ ಹತ್ತಿರದ ನೆಂಟರಾದವರು ತೀರ್ಪಿನಲ್ಲಿ ಕೂರುವಂತಿಲ್ಲ, ಆಡಳಿತ ಮಂಡಳಿಯವರ ಮನೆಯವರು ಈ ಭಾಗಕ್ಕೆ ಅರ್ಜಿ ಹಾಕುವಂತಿಲ್ಲ. ಈ ಕೊನೆಯ ನಿಯಮಕ್ಕೆ ತುಂಬ ವಿರೋಧ ಬಂತು, ಅದಿಲ್ಲದಿದ್ದರೆ ಉಳಿದ ನಿಯಮಗಳೆಲ್ಲ ಕಾಗದವಾಗುತ್ತಿದ್ದವು.

ಪುರಸ್ಕಾರದಲ್ಲಿ ಏನು ಕೊಡಬೇಕು ಎಂಬ ಪ್ರಶ್ನೆಯೂ ತಲೆಕೆಳಗಾಯಿತು. ಕೊನೆಗೌಡರಿಗೆ ಬೇಕಾದದ್ದು ಫಲಕಕ್ಕಿಂತ ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತು, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ವೈಕಲ್ಯಕ್ಕೆ 1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅವಧಿ. ಮೇ ಕೊನೆಗೆ ಖಾತೆಯಲ್ಲಿ ಹಣ ಇಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ತಪ್ಪುತ್ತದೆ, ಸರಿಯಾಗಿ ಔಷಧಿ ಹೊಡೆಯುವ ಕಾಲಕ್ಕೇ ತಪ್ಪುತ್ತದೆ. ಮರದಿಂದ ಬಿದ್ದವರ ಪ್ರಕರಣದಲ್ಲಿ ತಕ್ಷಣದ ಆಸ್ಪತ್ರೆ ದಾಖಲೆ ಮುಖ್ಯ, ಮನೆಯಲ್ಲೇ ನಾಟಿ ಔಷಧಿ ಮಾಡಿ ಮೂರು ದಿನದ ಮೇಲೆ ಹೋದರೆ ಕ್ಲೇಮು ಕಷ್ಟ. ಬೆನ್ನುಮೂಳೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಲಗಿ ಆಮೇಲೆ ಎದ್ದವರಿಗೆ ಈ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚೂ ಇಲ್ಲ, ಕೂಲಿಯೂ ಇಲ್ಲ. ಈ ಮಾಹಿತಿಯನ್ನು ಪುರಸ್ಕಾರದ ಪತ್ರದ ಹಿಂಬದಿಗೆ ಮುದ್ರಿಸುತ್ತೇವೆ, ಸಂಘದ ಕಚೇರಿಯಲ್ಲೇ ಫಾರ್ಮು ತುಂಬಿಸುತ್ತೇವೆ.

ಐಟಿಐ ಮಕ್ಕಳ ಸಮಸ್ಯೆ ಬೇರೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಕೋರ್ಸು, ವೆಲ್ಡರ್ ಒಂದು ವರ್ಷದ್ದು. ಪ್ರವೇಶಕ್ಕೇ ಎಸ್ಸೆಸ್ಸೆಲ್ಸಿ ಅಂಕದ ಪಟ್ಟಿ. ಮುಂದೆ ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರದಂಥ ಕಡೆ ಅಪ್ರೆಂಟಿಸ್ ಆಗಬೇಕೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಶೇ 50, ಐಟಿಐಯಲ್ಲಿ ಶೇ 65 ಬೇಕು. ವೆಲ್ಡಿಂಗಿನ ಬೀಡು ಎಳೆಯುವ ಕೈ ಎಷ್ಟೇ ಹದವಾಗಿರಲಿ, ಹತ್ತನೆಯಲ್ಲಿ ಶೇ 48 ಬಂದವನು ಆ ಕೈಯನ್ನು ತೋರಿಸುವ ಬಾಗಿಲಿಗೇ ಬರಲಾರ. ಕಾರವಾರ–ಅಂಕೋಲೆಯ ಜನ ಇದನ್ನು ಇನ್ನೂ ಆಳವಾಗಿ ಬಲ್ಲರು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ನಡುವೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆದಿಡುವ ದಂಡೆ ಬಿಟ್ಟುಕೊಟ್ಟವು. ಭೂಮಿ ಪಡೆಯುವಾಗ ಯಾರ ಅಂಕಪಟ್ಟಿಯನ್ನೂ ಕೇಳಿರಲಿಲ್ಲ. ನಮ್ಮ ಪುರಸ್ಕಾರದಲ್ಲಿ ಐಟಿಐ ಫಲಿತಾಂಶ ತಡವಾಗುವ ಕಾರಣ ಹಿಂದಿನ ವರ್ಷ ಮುಗಿಸಿದವರನ್ನು ಪರಿಗಣಿಸುತ್ತೇವೆ, ಅಂಕದ ಬದಲು ಅವರು ಮಾಡಿದ ಒಂದು ಕೆಲಸವನ್ನು ನೋಡುತ್ತೇವೆ: ಜೋಡಿಸಿದ ಗೇಟು, ಎಳೆದ ವೈರಿಂಗು, ಅರ್ಥಿಂಗ್ ಸರಿಯಿದೆಯೇ ಎಂಬ ಪರೀಕ್ಷೆ.

ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿಗಳಿದ್ದವು. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆ ಮೆಟ್ಟಿಲು ಹತ್ತಲಿಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದೀರ್ಘಕಾಲ ದಿನಗೂಲಿಯಾಗಿ ದುಡಿದರು. ತಾಯಿಮರ ಯಾವುದು, ಬೀಜ ಯಾವಾಗ ಆಯಬೇಕು ಎಂಬುದನ್ನು ತಿಳಿಯಲು ಅಧಿಕಾರಿಗಳೇ ಅವರನ್ನು ಕೇಳುತ್ತಿದ್ದರು. 2020ನೇ ಸಾಲಿನ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಪಡೆದರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಹಾಲಕ್ಕಿ ಸಮುದಾಯದ ಹಾಡುಗಳೆಲ್ಲ ಕಂಠಸ್ಥ, ಸಾರಾಯಿ ವಿರುದ್ಧ ಹೆಣ್ಣುಮಕ್ಕಳನ್ನು ಕಟ್ಟಿದವರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಹೋದರು. ಇಬ್ಬರ ಹದಿನಾರನೆಯ ವಯಸ್ಸಿನಲ್ಲೂ ಆ ಗುಣ ಇದ್ದೇ ಇತ್ತು. ನಮ್ಮ ಹಳೆಯ ಅರ್ಜಿಯ ಮೊದಲ ಕಲಂ ‘ಪಡೆದ ಒಟ್ಟು ಅಂಕ’, ಅವರಿಗೆ ಬರೆಯಲು ಅಲ್ಲಿ ಏನೂ ಇರುತ್ತಿರಲಿಲ್ಲ. ಹೊಸ ನಮೂನೆಯ ಮೊದಲ ಕಲಂ: ‘ನೀವು ಚೆನ್ನಾಗಿ ಮಾಡಬಲ್ಲ ಕೆಲಸ ಯಾವುದು? ಅದನ್ನು ಯಾರಿಂದ ಕಲಿತಿರಿ?’ ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಕಚೇರಿಯವರು ಬರೆದುಕೊಳ್ಳುತ್ತಾರೆ.

ವೇದಿಕೆಯ ವಿವರಗಳನ್ನು ಸಣ್ಣವೆಂದು ಬಿಡಬಾರದು, ಒಳ್ಳೆಯ ನಿಯಮಗಳೆಲ್ಲ ಅಲ್ಲಿ ಹಾಳಾಗುತ್ತವೆ. ಮೊದಲು ಅಂಕದವರನ್ನು ಕರೆದು ಭಾಷಣ ಮುಗಿಸಿ, ಊಟಕ್ಕೆ ಜನ ಎದ್ದ ಮೇಲೆ ಕೆಲಸಗಾರಿಕೆಯವರನ್ನು ಕರೆದರೆ ಅದು ಸಮಾಧಾನಕರ ಬಹುಮಾನವೇ. ಆದ್ದರಿಂದ ಎಲ್ಲರನ್ನೂ ಅಕಾರಾದಿಯಲ್ಲಿ ಕರೆಯುತ್ತೇವೆ, ಎಲ್ಲರಿಗೂ ಒಂದೇ ಮೊತ್ತ, ಒಂದೇ ಅಳತೆಯ ಫೋಟೊ. ನಿರೂಪಕರು ಅಂಕ ಓದುವಂತಿಲ್ಲ. ‘ಬಡತನದಲ್ಲೂ ಅರಳಿದ ಪ್ರತಿಭೆ’ ಎಂದು ಮನೆಯ ಕಷ್ಟವನ್ನು ಮೈಕಿನಲ್ಲಿ ಬಿಚ್ಚಿಡುವುದನ್ನು ಪೂರ್ತಿ ನಿಲ್ಲಿಸಿದೆವು. ಅಪ್ಪನ ಕುಡಿತ, ಅಮ್ಮನ ಕಾಯಿಲೆ ಇಡೀ ಊರಿನ ಎದುರು ಕೇಳಿಸಿಕೊಂಡ ಮಗುವಿಗೆ ಶಾಲು ಹೊದ್ದರೂ ಚಳಿ ಬಿಡುವುದಿಲ್ಲ. ಉಳಿದ ಯಾವುದನ್ನು ಬಿಟ್ಟರೂ ಇದೊಂದನ್ನು ಎಲ್ಲ ಸಂಘಗಳೂ ಪಾಲಿಸಲಿ ಎಂದು ಕೈಮುಗಿದು ಕೇಳುತ್ತೇವೆ.

ತೊಡಕುಗಳು ಮುಗಿದಿಲ್ಲ. ಶೇ 97 ತೆಗೆದರೂ ಶಾಲೆಗೆ ಎರಡನೆಯವಳಾದ ಹುಡುಗಿಯ ತಂದೆ ಬಂದು, ‘ಶೇ 78ರವನಿಗೆ ಕೊಟ್ಟಿರಿ, ನನ್ನ ಮಗಳಿಗೆ ಇಲ್ಲ’ ಎಂದು ಕೇಳಿದಾಗ ಕೊಡಲು ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅವಳ ಶ್ರಮವೂ ಶ್ರಮವೇ. ಒಂದು ಗೆರೆ ಅಳಿಸಿ ಇನ್ನೊಂದು ಗೆರೆ ಎಳೆದಿದ್ದೇವೆ, ಗೆರೆ ಎಂದ ಮೇಲೆ ಯಾರೋ ಹೊರಗೆ ಬೀಳುತ್ತಾರೆ. ಗೆರೆಯ ಹೊರಗೆ ಬಿದ್ದವರಿಗೆಲ್ಲ ಹೆಸರು ಹಾಕಿದ ಪತ್ರ ಬರೆಯುವ ಪದ್ಧತಿ ಇಟ್ಟಿದ್ದೇವೆ, ಯಾವ ನಿಯಮದಿಂದ ಬರಲಿಲ್ಲ ಎಂದು ಅದರಲ್ಲಿ ಬಿಡಿಸಿ ಹೇಳುತ್ತೇವೆ. ‘ಪ್ರತಿಭೆ ಸಾಲದು’ ಎಂಬ ಅರ್ಥ ಬರುವ ಒಂದು ಪದವೂ ಇರಬಾರದೆಂದು ಇಬ್ಬರು ಓದಿ ನೋಡಿದ ಮೇಲೆ ಅಂಚೆಗೆ ಹಾಕುತ್ತೇವೆ.

ಇನ್ನೊಂದು ಕೊರತೆ ಹೆಣ್ಣುಮಕ್ಕಳ ಕಡೆಯದು. ಕೆಲಸಗಾರಿಕೆಯ ಭಾಗಕ್ಕೆ ಬರುವ ಅರ್ಜಿಗಳು ಬಹುಪಾಲು ಹುಡುಗರವು. ಪಾರ್ಶ್ವವಾಯು ಹೊಡೆದ ಅಜ್ಜಿಯನ್ನು ವರ್ಷಗಟ್ಟಲೆ ನೋಡಿಕೊಂಡು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನಿಗೆ ಹುಣ್ಣಾಗದಂತೆ ಕಾಪಾಡಿ, ಅದರ ನಡುವೆ ಪರೀಕ್ಷೆ ಬರೆದು ಶೇ 60 ತೆಗೆದವಳು ಅರ್ಜಿ ಹಾಕುವುದಿಲ್ಲ. ಅದು ಕೆಲಸವೆಂದು ಅವಳಿಗೂ ಅನ್ನಿಸಿರುವುದಿಲ್ಲ, ಮನೆಯವರಿಗೂ ಅನ್ನಿಸಿರುವುದಿಲ್ಲ. ಅರ್ಜಿಗಾಗಿ ಕಾಯದೆ ಸ್ತ್ರೀಶಕ್ತಿ ಸಂಘದವರು, ಆಶಾ ಕಾರ್ಯಕರ್ತೆಯರು ನೇರವಾಗಿ ಹೆಸರು ಸೂಚಿಸಬಹುದು ಎಂದು ಈಗ ನಿಯಮ ಸೇರಿಸಿದ್ದೇವೆ. ಸೂಚಿಸಿದವರ ಸಹಿಯ ಜತೆಗೆ ಆ ಹುಡುಗಿಯ ಒಪ್ಪಿಗೆಯ ಸಹಿಯೂ ಇರಬೇಕು, ಮನೆಯ ಯಾವ ವಿವರವನ್ನೂ ಸಮಿತಿಯ ಹೊರಗೆ ಹೇಳುವಂತಿಲ್ಲ.